ಕೊನೇ ಒಂದು ಪ್ರಾಣಿ ಸಿಗೋ ತನಕ: ನ್ಯೂಟ್ರಿಯಾ ನಿರ್ಮೂಲನೆಯ ಅಸಲಿ ಲೆಕ್ಕ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಚೆಸಪೀಕ್ ಬೇ ಅಂತ ಒಂದು ದೊಡ್ಡ ಕೊಲ್ಲಿ ಇದೆ. ಅದರ ಪೂರ್ವ ದಡದ ಜೌಗು ಪ್ರದೇಶದಿಂದ ನ್ಯೂಟ್ರಿಯಾ ಅನ್ನೋ ಪ್ರಾಣಿ ಪೂರ್ತಿ ಹೋಯ್ತು ಅಂತ 2022ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಘೋಷಣೆ ಮಾಡಿದ್ರು. ಆದ್ರೆ ಅಲ್ಲಿ ಕೊನೇ ನ್ಯೂಟ್ರಿಯಾ ಸಿಕ್ಕಿದ್ದು 2015ರ ಮೇ ತಿಂಗಳಲ್ಲಿ. ಮಧ್ಯದ ಏಳು ವರ್ಷ ಒಂದೇ ಒಂದು ಪ್ರಾಣಿನೂ ಸಿಗಲಿಲ್ಲ, ಆದ್ರೂ ಜನ ದೋಣಿ ತಗೊಂಡು, ನಾಯಿ ಕರ್ಕೊಂಡು, ಅಲ್ಲಲ್ಲಿ ಕ್ಯಾಮೆರಾ ಕಟ್ಟಿ ಹುಡುಕ್ತಾನೇ ಇದ್ರು, ಅವರ ಸಂಬಳಕ್ಕೆ ಸರ್ಕಾರದ ದುಡ್ಡು ಬರ್ತಾನೇ ಇತ್ತು.

ಹೊರಗಿಂದ ಬಂದು ಒಂದು ಜಾಗದ ಪರಿಸರವನ್ನ ಹಾಳು ಮಾಡೋ ಪ್ರಾಣಿಗಳ ಬಗ್ಗೆ ಮಾತು ಬಂದಾಗ ಜನರಿಗೆ ಅರ್ಥ ಆಗದೇ ಇರೋದು ಈ ಏಳು ವರ್ಷಾನೇ. ಎಷ್ಟು ಕೊಂದ್ರು ಅಂತ ಎಲ್ರೂ ಕೇಳ್ತಾರೆ, ಎಷ್ಟು ಉಳಿದಿದೆ ಅಂತ ಕೇಳೋರು ಕಮ್ಮಿ. ನೂರಕ್ಕೆ ತೊಂಬತ್ತು ತೆಗೆದುಬಿಟ್ರೆ ಕೆಲಸ ಬಹುತೇಕ ಮುಗೀತು ಅನ್ಸತ್ತೆ, ಪೇಪರ್‌ನಲ್ಲಿ ಸುದ್ದಿ ಬರತ್ತೆ, ಮುಂದಿನ ವರ್ಷದ ಬಜೆಟ್‌ನಲ್ಲಿ ದುಡ್ಡು ಕಡಿತ ಆಗತ್ತೆ. ಅಸಲಿ ಕೆಲಸ ಶುರು ಆಗೋದೇ ಅಲ್ಲಿಂದ. ಕೊನೇ ಹತ್ತು ಪರ್ಸೆಂಟ್ ಹಿಡಿಯೋಕೆ ಮನಸ್ಸಾಗಲಿ ದುಡ್ಡಾಗಲಿ ಇಲ್ಲ ಅಂದ್ರೆ ಮೊದಲ ತೊಂಬತ್ತನ್ನ ಕೊಲ್ಲೋದೇ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮೊದಲು ಪ್ರಾಣಿ ಬಗ್ಗೆ. ನ್ಯೂಟ್ರಿಯಾ ಅಥವಾ ಕೊಯ್ಪು ದಕ್ಷಿಣ ಅಮೆರಿಕ ಮೂಲದ್ದು, ನೋಡೋಕೆ ಒಂದು ಭಾರೀ ಹೆಗ್ಗಣ, ಐದರಿಂದ ಒಂಬತ್ತು ಕೆಜಿ ತೂಗತ್ತೆ, ಮುಂದಿನ ಬಾಚಿಹಲ್ಲು ಕಿತ್ತಳೆ ಬಣ್ಣ. ಮೈ ಮೇಲಿನ ದಟ್ಟ ತುಪ್ಪಳಕ್ಕೆ ಒಂದು ಕಾಲದಲ್ಲಿ ಒಳ್ಳೆ ಬೆಲೆ ಇತ್ತು, ಅದಕ್ಕೇ ಬ್ರಿಟನ್‌ಗೆ 1929ರಲ್ಲಿ ತಂದು ಫಾರ್ಮ್ ಮಾಡಿದ್ರು, ಚೆಸಪೀಕ್ ಕಡೆಯ ಬ್ಲ್ಯಾಕ್‌ವಾಟರ್ ಅನ್ನೋ ಜಾಗಕ್ಕೆ 1943ರಲ್ಲಿ ಬಂತು. ತುಪ್ಪಳದ ಮಾರ್ಕೆಟ್ ಬಿದ್ದು ಹೋಯ್ತು, ತಪ್ಪಿಸಿಕೊಂಡಿದ್ದು, ಬಿಟ್ಟಿದ್ದು ಎಲ್ಲ ಸೇರಿ ಜೌಗಿನಲ್ಲಿ ಸಂಸಾರ ಹೂಡಿದವು. ಇದರಲ್ಲಿ ಪ್ರಾಣಿಯದ್ದು ಏನೂ ತಪ್ಪಿಲ್ಲ ಅನ್ನೋದನ್ನ ಮೊದಲೇ ಹೇಳ್ಬಿಡ್ತೀನಿ. ತಾನಾಗಿ ಸಮುದ್ರ ದಾಟಿ ಬಂದಿದ್ದಲ್ಲ ಅದು.

ಇದು ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ಸೊಪ್ಪು ಸದೆ ತಿನ್ನತ್ತೆ ಅಂತ ಲೆಕ್ಕ. ಆದ್ರೆ ಎಷ್ಟು ತಿನ್ನತ್ತೆ ಅನ್ನೋದಕ್ಕಿಂತ ಯಾವ ಭಾಗ ತಿನ್ನತ್ತೆ ಅನ್ನೋದು ಮುಖ್ಯ. ಎಲೆ ಮೇದು ಹೋಗೋ ಪ್ರಾಣಿ ಆದ್ರೆ ಗಿಡ ಮತ್ತೆ ಚಿಗುರತ್ತೆ. ನ್ಯೂಟ್ರಿಯಾ ಜೌಗಿನ ಹುಲ್ಲಿನ ಬುಡವನ್ನ, ಬೇರನ್ನ, ಗೆಡ್ಡೆಯನ್ನ ಕೆದಕಿ ತಿನ್ನತ್ತೆ. ಕರಾವಳಿಯ ಜೌಗಿನ ಮಣ್ಣನ್ನ ಹಿಡ್ಕೊಂಡಿರೋದೇ ಆ ಬೇರಿನ ಜಾಲ, ಅದು ಹೋದ್ರೆ ಕೆಳಗಿನ ಸಡಿಲ ಕೆಸರು ಪ್ರತಿ ಉಬ್ಬರ ಇಳಿತದಲ್ಲೂ ಸ್ವಲ್ಪ ಸ್ವಲ್ಪ ಕೊಚ್ಚಿ ಹೋಗತ್ತೆ, ನೆಲ ತಗ್ಗಾಗತ್ತೆ, ತಗ್ಗಾದ ಕಡೆ ನೀರು ಜಾಸ್ತಿ ನಿಂತು ಹುಲ್ಲಿನ ಬೀಜಾನೂ ಹತ್ತಲ್ಲ, ಕೊನೆಗೆ ಅಲ್ಲಿ ಜೌಗು ಇರಲ್ಲ, ಬರೀ ನೀರು. ಬ್ಲ್ಯಾಕ್‌ವಾಟರ್‌ನಲ್ಲಿ 5,000 ಎಕರೆಗೂ ಹೆಚ್ಚು ಜೌಗು ಹೀಗೆ ಹೋಯ್ತು. ಸಮುದ್ರ ಮಟ್ಟ ಏರ್ತಿರೋದು, ನೆಲ ಕುಸೀತಿರೋದು ಕೂಡ ಇದರಲ್ಲಿ ಸೇರಿದೆ, ಎಲ್ಲಾನೂ ಈ ಪ್ರಾಣಿ ತಲೆಗೆ ಕಟ್ಟೋಕಾಗಲ್ಲ. ಆದ್ರೆ ಬೇಲಿ ಹಾಕಿ ನ್ಯೂಟ್ರಿಯಾ ಒಳಗೆ ಬರದ ಹಾಗೆ ಮಾಡಿ ನೋಡಿದಾಗ ಒಳಗಡೆ ಹುಲ್ಲು ಉಳೀತು, ಹೊರಗಡೆ ಹೋಯ್ತು. ಅಲ್ಲಿ ಮೊಟ್ಟೆ ಇಡೋ ಹಕ್ಕಿಗಳು, ಮರಿ ಮೀನುಗಳು, ಏಡಿಗಳು, ಬಿರುಗಾಳಿ ಬಂದಾಗ ದಡದ ಊರುಗಳಿಗೆ ಅಡ್ಡ ನಿಲ್ಲೋ ನೆಲ, ಎಲ್ಲ ಆ ಬೇರಿನ ಮೇಲೇ ನಿಂತಿದ್ದು.

ಈಗ ತೊಂಬತ್ತು ಪರ್ಸೆಂಟ್ ಯಾಕೆ ಸಾಲಲ್ಲ ಅನ್ನೋದಕ್ಕೆ ಬರೋಣ. ನ್ಯೂಟ್ರಿಯಾ ನಾಲ್ಕರಿಂದ ಆರು ತಿಂಗಳಿಗೇ ಬೆದೆಗೆ ಬರತ್ತೆ, ವರ್ಷ ಪೂರ್ತಿ ಮರಿ ಹಾಕತ್ತೆ, ಒಂದು ಸಲಕ್ಕೆ ಸಾಮಾನ್ಯವಾಗಿ ನಾಲ್ಕೈದು, ಹೆರಿಗೆ ಆದ ಎರಡೇ ದಿನದಲ್ಲಿ ಮತ್ತೆ ಗಬ್ಬ ಆಗಬಲ್ಲದು. ಮರಿಗಳು ಹುಟ್ಟೋವಾಗ್ಲೇ ಮೈ ತುಂಬಾ ಕೂದಲು, ಕಣ್ಣು ಬಿಟ್ಟಿರತ್ತೆ, ಒಂದೇ ದಿನದಲ್ಲಿ ಈಜತ್ತೆ. ತಾಯಿಯ ಮೊಲೆಗಳು ಹೊಟ್ಟೆ ಕೆಳಗಿಲ್ಲ, ಪಕ್ಕೆಯ ಮೇಲ್ಭಾಗದಲ್ಲಿ ಸಾಲಾಗಿವೆ, ಅಮ್ಮ ನೀರಲ್ಲಿ ಈಜ್ತಾ ಇದ್ರೂ ಮರಿ ಪಕ್ಕದಲ್ಲಿ ತೇಲ್ತಾ ಹಾಲು ಕುಡೀಬಹುದು. ಎಂಥಾ ಅದ್ಭುತ ಶರೀರ ಅಂತ ನನಗೆ ಪ್ರತಿ ಸಲ ಅನ್ಸತ್ತೆ, ಆದ್ರೆ ಇದೇ ಶರೀರ ಉಳಿದ ಹತ್ತು ಪರ್ಸೆಂಟನ್ನ ಬೇಗ ನೂರು ಮಾಡತ್ತೆ. ಅದೂ ಅಲ್ಲದೆ ತೊಂಬತ್ತು ಹೋದಮೇಲೆ ಉಳಿದವಕ್ಕೆ ಮೇವು ಜಾಸ್ತಿ, ಜಾಗ ಜಾಸ್ತಿ, ಹಾಗಾಗಿ ಮರಿಗಳು ಇನ್ನೂ ಚೆನ್ನಾಗಿ ಬದುಕ್ತವೆ. ಇದು ನ್ಯೂಟ್ರಿಯಾ ಒಂದರ ಕತೆ ಅಲ್ಲ. ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳಲ್ಲಿ ಒಂದಾದ ಪಿಂಟಾದಲ್ಲಿ 1959ರಲ್ಲಿ ಮೀನುಗಾರರು ಮೂರೇ ಮೂರು ಆಡು ಬಿಟ್ರು, ಎಪ್ಪತ್ತರ ದಶಕದ ಹೊತ್ತಿಗೆ ಹತ್ತಾರು ಸಾವಿರ ಆಗಿದ್ವು. ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯುಯೆಗೋದಲ್ಲಿ 1946ರಲ್ಲಿ ಕೆನಡಾದಿಂದ ತಂದು ಬಿಟ್ಟ, ಮರ ಕಡಿದು ಹೊಳೆಗೆ ಅಡ್ಡಗಟ್ಟೋ ಬೀವರ್‌ಗಳು ಬರೀ 20, ಈಗ ಲಕ್ಷದ ಲೆಕ್ಕದಲ್ಲಿ ಮಾತಾಡ್ತಾರೆ. ಮೂರು ಮತ್ತೆ ಇಪ್ಪತ್ತರಿಂದ ಇಷ್ಟಾದ್ರೆ, "ಸ್ವಲ್ಪ ಉಳಿದಿವೆ ಅಷ್ಟೇ" ಅನ್ನೋ ಮಾತಿಗೆ ಏನರ್ಥ?

ಲೂಯಿಸಿಯಾನ ರಾಜ್ಯದಲ್ಲಿ ಬೇರೆ ದಾರಿ ಹಿಡಿದ್ರು. ಅಲ್ಲಿ 2002ರಿಂದ ಒಂದು ಯೋಜನೆ ಇದೆ, ನೋಂದಾಯಿಸಿದ ಬೇಟೆಗಾರರು ಸೀಸನ್‌ನಲ್ಲಿ ನ್ಯೂಟ್ರಿಯಾ ಹಿಡಿದು ಬಾಲ ತಂದು ಕೊಟ್ರೆ ಬಾಲಕ್ಕಿಷ್ಟು ದುಡ್ಡು, ಮೊದಲು 4 ಡಾಲರ್ ಇತ್ತು, ಆಮೇಲೆ 5, 2019ರಿಂದ 6. ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಬಾಲ ಬಂದ ವರ್ಷಗಳು ಎಷ್ಟೋ. ಜೌಗಿಗೆ ಆಗ್ತಿದ್ದ ಹಾನಿ ನಿಜವಾಗ್ಲೂ ಕಮ್ಮಿ ಆಯ್ತು, ಅದನ್ನ ಒಪ್ಕೋಬೇಕು. ಆ ಕರಾವಳಿ ಅಷ್ಟು ವಿಶಾಲ, ಅಕ್ಕಪಕ್ಕದ ರಾಜ್ಯಗಳಿಂದ ಪ್ರಾಣಿ ಬರ್ತಾನೇ ಇರತ್ತೆ, ಅಲ್ಲಿ ಪೂರ್ತಿ ನಿರ್ಮೂಲನೆ ಈಗಿನ ಮಟ್ಟಿಗೆ ಕಷ್ಟ. ಆದ್ರೆ ಈ ವ್ಯವಸ್ಥೆಗೆ ಮುಗಿಯೋ ದಿನ ಅಂತ ಒಂದಿಲ್ಲ. ತಲೆಗಿಷ್ಟು ಅಂತ ದುಡ್ಡು ಕೊಡೋ ಕಡೆಯಲ್ಲೆಲ್ಲ ಹೀಗೇ ಆಗತ್ತೆ, ಪ್ರಾಣಿ ಜಾಸ್ತಿ ಇದ್ದಾಗ ಎಲ್ರೂ ಬರ್ತಾರೆ, ಸಂಖ್ಯೆ ಇಳಿದ ಹಾಗೆ ದಿನವಿಡೀ ಓಡಾಡಿದ್ರೂ ಒಂದೋ ಎರಡೋ ಸಿಗತ್ತೆ, ಪೆಟ್ರೋಲ್ ಖರ್ಚೂ ಗಿಟ್ಟಲ್ಲ ಅಂತ ಬಿಟ್ಟು ಹೋಗ್ತಾರೆ, ಪ್ರಾಣಿ ಮತ್ತೆ ಏರತ್ತೆ. ಬೇಟೆಗಾರನ ತಪ್ಪೇನಿಲ್ಲ ಇದರಲ್ಲಿ, ಅವನ ಹೊಟ್ಟೆಪಾಡು ಪ್ರಾಣಿ ಇರೋದರ ಮೇಲೆ ನಿಂತಿದೆ.

ಇಟಲಿಯ ಲೆಕ್ಕ ಇನ್ನೂ ಕಣ್ಣು ತೆರೆಸತ್ತೆ. 1995ರಿಂದ 2000ದ ತನಕ ಆರು ವರ್ಷದಲ್ಲಿ ಅಲ್ಲಿ ಸುಮಾರು 2 ಲಕ್ಷ 20 ಸಾವಿರ ನ್ಯೂಟ್ರಿಯಾ ಕೊಂದ್ರು, ಹಿಡಿಯೋ ಖರ್ಚು, ಬೆಳೆ ನಷ್ಟ, ಬಿಲ ತೋಡಿ ಹಾಳಾದ ನದಿ ದಂಡೆ ರಿಪೇರಿ ಎಲ್ಲ ಸೇರಿ 1 ಕೋಟಿ 40 ಲಕ್ಷ ಯೂರೋ ಹತ್ತಿರ ಹೋಯ್ತು, ಪ್ರಾಣಿ ಮಾತ್ರ ಹರಡ್ತಾನೇ ಇತ್ತು. ಬ್ರಿಟನ್‌ನಲ್ಲಿ 1981ರಿಂದ 1989ರ ತನಕ ನಡೆದ ಕಾರ್ಯಾಚರಣೆಯಲ್ಲಿ ಕೊಂದಿದ್ದು ಸುಮಾರು 35 ಸಾವಿರ, ಆಮೇಲೆ ಕೊಲ್ಲೋದಕ್ಕೆ ಏನೂ ಉಳೀಲಿಲ್ಲ. ಪ್ರಾಣಿ ಹಿಂಸೆ ಬೇಡ, ಅದಕ್ಕೇ ಪೂರ್ತಿ ನಿರ್ಮೂಲನೆ ಬೇಡ, ನಿಯಂತ್ರಣ ಸಾಕು ಅನ್ನೋರು ಈ ಎರಡು ಸಂಖ್ಯೆಗಳನ್ನ ಪಕ್ಕಪಕ್ಕ ಇಟ್ಟು ನೋಡ್ಬೇಕು ಅಂತ ನನ್ನ ವಿನಂತಿ.

ಬ್ರಿಟನ್‌ನೋರೂ ಮೊದಲ ಸಲವೇ ಗೆದ್ದಿಲ್ಲ. 1962ರಲ್ಲಿ ಒಂದು ಕಾರ್ಯಾಚರಣೆ ಶುರು ಮಾಡಿದ್ರು, ಆ ವರ್ಷದ ಕೊನೆಗೆ ಬಂದ ಭಯಂಕರ ಚಳಿಗಾಲಕ್ಕೆ ಬಹುಪಾಲು ಕೊಯ್ಪು ತಾನಾಗೇ ಸತ್ತವು, ಎಲ್ರೂ ನಿರಾಳ ಆದ್ರು, ಆಮೇಲೆ ಸಾಲಾಗಿ ಹದವಾದ ಚಳಿಗಾಲಗಳು ಬಂದು ಎಪ್ಪತ್ತರ ದಶಕದಲ್ಲಿ ಮತ್ತೆ ಸಾವಿರಾರು ಆದ್ವು. ಎರಡನೇ ಸಲ ಬುದ್ಧಿ ಉಪಯೋಗಿಸಿದ್ರು. ಹಿಡಿದ ಸಾವಿರಾರು ಪ್ರಾಣಿಗಳನ್ನ ಕೊಯ್ದು ನೋಡಿ, ವಯಸ್ಸು ಎಷ್ಟು, ಗಬ್ಬ ಆಗಿತ್ತಾ ಅಂತ ದಾಖಲೆ ಮಾಡಿ, ಚಳಿಗಾಲ ಹೇಗಿದ್ರೆ ಎಷ್ಟು ಬದುಕ್ತವೆ ಅಂತ ಲೆಕ್ಕ ಹಾಕಿ, ಬೋನಿಟ್ಟು ಪ್ರಾಣಿ ಹಿಡಿಯೋ 24 ಜನ ಟ್ರ್ಯಾಪರ್‌ಗಳು ಹತ್ತು ವರ್ಷ ಬಿಡದೆ ಕೆಲಸ ಮಾಡಿದ್ರೆ ಮುಗಿಸಬಹುದು ಅಂತ ಕಂಡ್ಕೊಂಡ್ರು. ಆಗ ಒಂದು ಪ್ರಶ್ನೆ ಎದ್ದಿತು: ಕೊನೇ ಪ್ರಾಣಿ ಹಿಡಿದ ದಿನ ಈ 24 ಜನರ ಕೆಲಸ ಹೋಗತ್ತೆ, ಹಾಗಿದ್ಮೇಲೆ ಯಾರು ತಾನೇ ಬೇಗ ಮುಗಿಸ್ತಾರೆ? ಅದಕ್ಕೆ ಅವರು ಕೊಟ್ಟ ಉತ್ತರ ನನಗೆ ಇಡೀ ಕತೆಯಲ್ಲೇ ಹೆಚ್ಚು ಇಷ್ಟ ಆದದ್ದು. ಬೇಗ ಮುಗಿಸಿದ್ರೆ ಎಲ್ರಿಗೂ ಒಂದೇ ಗಂಟಾಗಿ ದೊಡ್ಡ ಬೋನಸ್, ತಡ ಆದಷ್ಟೂ ಅದು ಕಮ್ಮಿ, ಹತ್ತು ವರ್ಷ ದಾಟಿದ್ರೆ ಏನೂ ಇಲ್ಲ. ಅಂದ್ರೆ ದುಡ್ಡು ಸತ್ತ ಪ್ರಾಣಿಗಲ್ಲ, ಪ್ರಾಣಿ ಇಲ್ಲದೇ ಇರೋದಕ್ಕೆ. 1989ರ ಜನವರಿಯಲ್ಲಿ ಮುಗೀತು ಅಂತ ಘೋಷಣೆ ಆಯ್ತು, ಟೈಮಿಗಿಂತ ಮುಂಚೇನೇ. ಉಪಯೋಗಿಸಿದ್ದು ಬೋನು, ಬೇರೆ ಪ್ರಾಣಿ ಬಿದ್ರೆ ಜೀವಂತ ಬಿಟ್ಟುಬಿಡೋ ಹಾಗೆ, ಅದನ್ನೂ ಎಷ್ಟೋ ಕಡೆ ನೀರಲ್ಲಿ ತೇಲೋ ತೆಪ್ಪದ ಮೇಲೆ ಇಡ್ತಿದ್ರು.

ಚೆಸಪೀಕ್‌ನಲ್ಲಿ ಕೆಲಸ ಶುರುವಾಗಿದ್ದು 2002ರಲ್ಲಿ, ಒಟ್ಟು ಸುಮಾರು 14 ಸಾವಿರ ಪ್ರಾಣಿ ತೆಗೆದ್ರು. ಜೌಗನ್ನ ಮ್ಯಾಪ್ ಮೇಲೆ ಚೌಕ ಚೌಕ ಮಾಡ್ಕೊಂಡು, ಒಂದು ಕಡೆಯಿಂದ ಖಾಲಿ ಮಾಡ್ತಾ ಇನ್ನೊಂದು ಕಡೆಗೆ ಸರಿಯೋದು, ಹಿಂದೆ ಬಿಟ್ಟ ಚೌಕಕ್ಕೆ ಮತ್ತೆ ಮತ್ತೆ ಬಂದು ಚೆಕ್ ಮಾಡೋದು. ಬಹಳಷ್ಟು ಜಾಗ ಖಾಸಗಿಯವರದ್ದು, ನೂರಾರು ಜಮೀನು ಮಾಲೀಕರು ಒಪ್ಪಬೇಕು, ಒಬ್ಬನೇ ಒಬ್ಬ ಬೇಡ ಅಂದ್ರೂ ಅವನ ಜಾಗವೇ ಬೀಜದ ಕಣಜ ಆಗತ್ತೆ. ಇದು ವಿಜ್ಞಾನದ ಕೆಲಸ ಅಲ್ಲ, ಮನೆ ಬಾಗಿಲಿಗೆ ಹೋಗಿ ಕೂತು ಮಾತಾಡೋ ಕೆಲಸ, ಯಾರೂ ಇದರ ಬಗ್ಗೆ ಬರೆಯಲ್ಲ ಆದ್ರೆ ಇದಿಲ್ಲದೆ ಏನೂ ಆಗ್ತಿರ್ಲಿಲ್ಲ.

ಸಂಖ್ಯೆ ಇಳಿದಮೇಲೆ ಹುಡುಕೋ ರೀತಿನೇ ಬದಲಾಯ್ತು. ನೀರಲ್ಲಿ ಸಣ್ಣ ತೇಲೋ ಹಲಗೆ ಬಿಡೋದು, ನ್ಯೂಟ್ರಿಯಾಗೆ ಒಣಗಿದ ಜಾಗದಲ್ಲಿ ಕೂತು ಮೈ ಕೆರ್ಕೊಳ್ಳೋದು ಇಷ್ಟ, ಹತ್ತಿದ್ರೆ ಹಲಗೆಯಲ್ಲಿರೋ ತಂತಿಗೆ ನಾಲ್ಕು ಕೂದಲು ಸಿಕ್ಕಿ ಹಾಕ್ಕೊಳ್ಳತ್ತೆ, ಕ್ಯಾಮೆರಾ ಇದ್ರೆ ಫೋಟೋನೂ ಸಿಗತ್ತೆ. ಹಿಕ್ಕೆ ವಾಸನೆ ಹಿಡಿಯೋ ಹಾಗೆ ಟ್ರೈನ್ ಮಾಡಿದ ನಾಯಿಗಳು ದಡದಲ್ಲಿ ಓಡಾಡ್ತವೆ. ಇದರ ಜೊತೆಗೆ ಸಂತಾನಹರಣ ಆಪರೇಷನ್ ಮಾಡಿದ ನ್ಯೂಟ್ರಿಯಾಗೆ ರೇಡಿಯೋ ಕಾಲರ್ ಕಟ್ಟಿ ಬಿಡ್ತಾರೆ. ಇದು ಗುಂಪಲ್ಲಿ ಬದುಕೋ ಪ್ರಾಣಿ, ಒಂಟಿಯಾಗಿ ಇರೋಕಾಗಲ್ಲ, ಎಲ್ಲಿದ್ರೂ ತನ್ನವರನ್ನ ಹುಡುಕ್ಕೊಂಡು ಹೋಗತ್ತೆ, ಸಿಗ್ನಲ್ ಹಿಡ್ಕೊಂಡು ಟ್ರ್ಯಾಪರ್ ಹಿಂದೆ ಹೋಗ್ತಾನೆ. ಗ್ಯಾಲಪಗೋಸ್‌ನ ಇಸಬೆಲಾ ಯೋಜನೆಯಲ್ಲಿ ಆಡುಗಳ ಮೇಲೆ ಇದೇ ಉಪಾಯವನ್ನ ದೊಡ್ಡ ಮಟ್ಟದಲ್ಲಿ ಮಾಡಿದ್ರು, 1997ರಿಂದ 2006ರ ತನಕ ಒಂದು ಲಕ್ಷ ನಲವತ್ತು ಸಾವಿರ ಹತ್ತಿರ ಆಡು ತೆಗೆದ್ರು, ಹೆಚ್ಚಿನವನ್ನ ಹೆಲಿಕಾಪ್ಟರ್‌ನಿಂದ ಹೊಡೆದಿದ್ದು. ಕೊನೆಯಲ್ಲಿ ಗುಹೆ ಪೊದೆಯಲ್ಲಿ ಅಡಗಿದ್ದ ಗಂಡುಗಳನ್ನ ಹೊರಗೆ ತರೋಕೆ ಆಪರೇಷನ್ ಮಾಡಿದ ಹೆಣ್ಣಾಡುಗಳಿಗೆ ಹಾರ್ಮೋನ್ ಹಾಕಿ ತಿಂಗಳುಗಟ್ಟಲೆ ಬೆದೆಯಲ್ಲಿರೋ ಹಾಗೆ ಮಾಡಿ ಬಿಟ್ರು. ಓದುವಾಗ ಹೊಟ್ಟೆ ತೊಳೆಸಿದ ಹಾಗಾಗತ್ತೆ, ಒಂದು ಪ್ರಾಣಿಯ ಸಂಗ ಬೇಕು ಅನ್ನೋ ಆಸೆಯನ್ನೇ ಅದರ ಜಾತಿಯ ವಿರುದ್ಧ ತಿರುಗಿಸೋದು ಸಣ್ಣ ವಿಷಯ ಅಲ್ಲ. ಆದ್ರೆ ಇದು ಇಲ್ಲದಿದ್ರೆ ಉಳಿದ ನೂರಿನ್ನೂರು ಆಡು ಮತ್ತೆ ಲಕ್ಷ ಆಗಿ, ಆ ಲಕ್ಷವನ್ನ ಮತ್ತೆ ಕೊಲ್ಲಬೇಕಾಗ್ತಿತ್ತು, ಆ ದ್ವೀಪದ ದೈತ್ಯ ಆಮೆಗಳಿಗೆ ನೆರಳೂ ಇರ್ತಿರ್ಲಿಲ್ಲ ಮೇವೂ ಇರ್ತಿರ್ಲಿಲ್ಲ.

ಒಂದೇ ಒಂದು ಪ್ರಾಣಿ ಹಿಡಿಯೋದು ಎಷ್ಟು ಕಷ್ಟ ಅಂತ ನ್ಯೂಜಿಲೆಂಡ್ ವಿಜ್ಞಾನಿಗಳು ಬೇಕಂತಲೇ ಮಾಡಿ ನೋಡಿದಾರೆ. 2004ರಲ್ಲಿ ಮೋಟುಹೊರೊಪಾಪಾ ಅನ್ನೋ ಪುಟ್ಟ ದ್ವೀಪದಲ್ಲಿ, ಹತ್ತು ಹೆಕ್ಟೇರ್ ಕೂಡ ಇಲ್ಲ ಅದು, ರೇಡಿಯೋ ಕಾಲರ್ ಕಟ್ಟಿದ ಒಂದು ಗಂಡು ಇಲಿ ಬಿಟ್ರು. ಬೋನು ಇಟ್ರು, ವಿಷ ಇಟ್ರು, ನಾಯಿ ಬಿಟ್ರು, ಕಾಲರ್ ಇದ್ರೂ ಸಿಗಲಿಲ್ಲ. ಹತ್ತು ವಾರ ಆದ್ಮೇಲೆ ಇಲಿಯ ಸುಳಿವೇ ಇಲ್ಲ. ನೋಡಿದ್ರೆ ಅದು 400 ಮೀಟರ್ ಸಮುದ್ರ ಈಜಿ ಪಕ್ಕದ ಒಟಾಟಾ ದ್ವೀಪಕ್ಕೆ ಹೋಗಿತ್ತು, ಬಿಟ್ಟು 18 ವಾರ ಆದ್ಮೇಲೆ ಪೆಂಗ್ವಿನ್ ಮಾಂಸ ಇಟ್ಟ ಬೋನಿಗೆ ಬಿತ್ತು. ಒಂಟಿಯಾಗಿರೋ ಪ್ರಾಣಿ ಗುಂಪಲ್ಲಿರೋ ಪ್ರಾಣಿ ಥರ ನಡ್ಕೊಳ್ಳಲ್ಲ, ಹೊಟ್ಟೆ ತುಂಬಾ ಆಹಾರ ಇರತ್ತೆ, ಬೋನಿನ ತಿಂಡಿ ಅದಕ್ಕೆ ಬೇಕಾಗಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಗಫ್ ದ್ವೀಪದಲ್ಲಿ ಕಡಲುಕೋಳಿ ಮರಿಗಳನ್ನ, ಅಂದ್ರೆ ಆಲ್ಬಟ್ರಾಸ್ ಮರಿಗಳನ್ನ, ಜೀವಂತ ಕಚ್ಚಿ ತಿನ್ನೋ ಸುಂಡಿಲಿಗಳನ್ನ ಮುಗಿಸೋಕೆ 2021ರಲ್ಲಿ ದ್ವೀಪದ ತುಂಬಾ ವಿಷ ಹಾಕಿದ್ರು, ಅದೇ ವರ್ಷ ಡಿಸೆಂಬರ್‌ನಲ್ಲಿ ಒಂದು ಸುಂಡಿಲಿ ಕಣ್ಣಿಗೆ ಬಿತ್ತು. ಅಷ್ಟೇ, ವರ್ಷಗಳ ತಯಾರಿ ನೀರಲ್ಲಿ ಹೋಮ.

ಜಪಾನಿನ ಅಮಾಮಿ ಓಶಿಮಾ ದ್ವೀಪದ್ದು ಇತ್ತೀಚಿನ ದೊಡ್ಡ ಗೆಲುವು. 1979ರಲ್ಲಿ ಹಾಬು ಅನ್ನೋ ವಿಷದ ಹಾವನ್ನ ಕೊಲ್ಲಲಿ ಅಂತ ಅಲ್ಲಿ ಸುಮಾರು 30 ಮುಂಗುಸಿ ಬಿಟ್ಟಿದ್ರು. ಮುಂಗುಸಿ ಹಗಲು ಓಡಾಡೋದು, ಹಾಬು ರಾತ್ರಿ ಓಡಾಡೋದು, ಹಾಗಾಗಿ ಹಾವಿಗೆ ಏನೂ ಆಗಲಿಲ್ಲ, ಈ ದ್ವೀಪ ಮತ್ತೆ ಪಕ್ಕದ ಟೊಕುನೊಶಿಮಾ ಬಿಟ್ರೆ ಬೇರೆಲ್ಲೂ ಇಲ್ಲದ ಅಮಾಮಿ ಕಪ್ಪು ಮೊಲಕ್ಕೆ, ಕಪ್ಪೆಗಳಿಗೆ, ನೆಲದ ಹಕ್ಕಿಗಳಿಗೆ ಸಂಚಕಾರ ಬಂತು. 2000ದ ಹೊತ್ತಿಗೆ ಮುಂಗುಸಿ ಹತ್ತು ಸಾವಿರ ಅಂದಾಜು. ಅಲ್ಲೂ ಮೊದಲು ತಲೆಗಿಷ್ಟು ಅಂತ ಕೊಟ್ರು, ಸಂಖ್ಯೆ ಇಳಿದ ಹಾಗೆ ಬೋನು ಇಡೋರಿಗೆ ಗಿಟ್ಟಲಿಲ್ಲ, 2005ರಲ್ಲಿ ಸಂಬಳದ ತಂಡ ಕಟ್ಟಿದ್ರು, ಹೆಸರು ಅಮಾಮಿ ಮಂಗೂಸ್ ಬಸ್ಟರ್ಸ್. ಒಟ್ಟು ಸುಮಾರು 32 ಸಾವಿರ ಹಿಡಿದ್ರು, ಕೊನೇದು 2018ರ ಏಪ್ರಿಲ್‌ನಲ್ಲಿ, ಘೋಷಣೆ ಮಾಡಿದ್ದು 2024ರ ಸೆಪ್ಟೆಂಬರ್ 3ಕ್ಕೆ. ಇಲ್ಲೂ ಆರು ವರ್ಷ ಸುಮ್ನೆ ಕಾದಿದ್ದಲ್ಲ. ಇಲ್ಲ ಅಂತ ಸಾಬೀತು ಮಾಡೋದು ಇದೆ ಅಂತ ತೋರಿಸೋದಕ್ಕಿಂತ ಎಷ್ಟೋ ಪಾಲು ಕಷ್ಟ. ಒಂದು ಪ್ರಾಣಿ ಇದ್ದಿದ್ರೆ ಇಷ್ಟು ಕ್ಯಾಮೆರಾ, ಇಷ್ಟು ಬೋನು, ಇಷ್ಟು ನಾಯಿಗಳಿಗೆ ಸಿಗೋ ಸಾಧ್ಯತೆ ಎಷ್ಟು ಅಂತ ಮೊದಲು ಲೆಕ್ಕ ಹಾಕ್ತಾರೆ, ವರ್ಷ ವರ್ಷ ಸೊನ್ನೆ ಬಂದ ಹಾಗೆ ಇನ್ನೂ ಉಳಿದಿರಬಹುದು ಅನ್ನೋ ಅನುಮಾನ ಕರಗ್ತಾ ಬರತ್ತೆ, ಅದು ತೀರಾ ಸಣ್ಣದಾದ್ಮೇಲೆ ಮಾತ್ರ ಬಾಯಿ ಬಿಡ್ತಾರೆ. ಒಂದೂ ಪ್ರಾಣಿ ಹಿಡೀದ ವರ್ಷಕ್ಕೆ ದುಡ್ಡು ಯಾಕೆ ಅಂತ ಆಡಿಟರ್ ಕೇಳೋದು ಸಹಜ. ಆ ದುಡ್ಡಿಗೆ ಸಿಗೋದು ಪ್ರಾಣಿ ಅಲ್ಲ, ಖಾತ್ರಿ.

ಹಾಗಂತ ಎಲ್ಲಾ ಕಡೆ ಕೈ ಹಾಕೋದು ಸರಿಯಲ್ಲ. ಹುಟ್ಟೋ ವೇಗಕ್ಕಿಂತ ತೆಗೆಯೋ ವೇಗ ಜಾಸ್ತಿ ಇರಬೇಕು, ಯಾವ ಮೂಲೆಯಲ್ಲಿರೋ ಪ್ರಾಣಿಯೂ ಕೈಗೆ ಸಿಗೋ ಹಾಗಿರಬೇಕು, ಹೊರಗಿಂದ ಮತ್ತೆ ಬರೋ ದಾರಿ ಮುಚ್ಚಿರಬೇಕು. ದ್ವೀಪಗಳಲ್ಲಿ ಇದು ಸಾಧ್ಯ, ಪ್ರಪಂಚದಲ್ಲಿ ಸಾವಿರದಷ್ಟು ದ್ವೀಪಗಳಲ್ಲಿ ಇಂಥ ಪ್ರಯತ್ನ ಆಗಿ ನೂರಕ್ಕೆ 88ರಷ್ಟು ಗೆದ್ದಿವೆ. ದೊಡ್ಡ ಭೂಭಾಗದಲ್ಲಿ ಈ ಕೊನೇ ಶರತ್ತೇ ಕೈ ಕೊಡತ್ತೆ. ಕ್ಯಾಲಿಫೋರ್ನಿಯಾದಲ್ಲಿ ಎಪ್ಪತ್ತರ ದಶಕದಲ್ಲೇ ನ್ಯೂಟ್ರಿಯಾ ಮುಗೀತು ಅಂದಿದ್ರು, 2017ರಲ್ಲಿ ಸ್ಯಾನ್ ವಾಕೀನ್ ಕಣಿವೆಯಲ್ಲಿ ಗಬ್ಬದ ಹೆಣ್ಣೊಂದು ಸಿಕ್ಕಿ ಮತ್ತೆ ಮೊದಲಿಂದ ಶುರು ಮಾಡಬೇಕಾಯ್ತು. ಮತ್ತೆ ಒಂದು ಪ್ರಾಣಿ ತೆಗೆದ್ರೆ ಇನ್ನೊಂದು ಏನಾಗತ್ತೆ ಅಂತಾನೂ ಮೊದಲೇ ಯೋಚಿಸಬೇಕು, ಆಸ್ಟ್ರೇಲಿಯಾಗೆ ಸೇರಿದ ಮ್ಯಾಕ್ವಾರಿ ದ್ವೀಪದಲ್ಲಿ 2000ದಲ್ಲಿ ಬೆಕ್ಕುಗಳು ಮುಗಿದ್ಮೇಲೆ ಮೊಲಗಳು ವಿಪರೀತ ಹೆಚ್ಚಿ ಗುಡ್ಡದ ಹಸಿರನ್ನೇ ಬೋಳು ಮಾಡಿದ್ವು, ಆಮೇಲೆ ಮೊಲ, ಇಲಿ, ಸುಂಡಿಲಿ ಮೂರನ್ನೂ ಸೇರಿಸಿ ಇನ್ನೊಂದು ಯೋಜನೆ ಮಾಡಿ 2014ರಲ್ಲಿ ಮುಗಿಸಿದ್ರು. ಅದರಲ್ಲಿ ಹಾಕಿದ ವಿಷದಿಂದ ಕಡಲ ಹಕ್ಕಿಗಳೂ ಸತ್ತವು, ವಿಷ ತಿಂದ ಹೆಣವನ್ನ ತಿಂದು. ಈ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ದಿನಗಟ್ಟಲೆ ನರಳಿಸಿ ಕೊಲ್ಲತ್ತೆ. ನಿರ್ಮೂಲನೆ ಪರವಾಗಿ ಮಾತಾಡೋರು ಇದನ್ನ ಮುಚ್ಚಿಡಬಾರದು.

ಕೊಲ್ಲೋದು ಬೇಡ ಅನ್ನೋರ ಮನಸ್ಸು ನನಗೆ ಅರ್ಥ ಆಗತ್ತೆ, ಅವರ ಕರುಣೆ ಸುಳ್ಳಲ್ಲ. ಆದ್ರೆ ತಡ ಮಾಡೋದಕ್ಕೂ ಜೀವಗಳ ಲೆಕ್ಕದಲ್ಲೇ ಬೆಲೆ ಕಟ್ಟಬೇಕು. ಇಟಲಿಯ ಟೂರಿನ್ ಹತ್ತಿರ 1948ರಲ್ಲಿ ಬಿಟ್ಟ ಅಮೆರಿಕದ ಬೂದು ಅಳಿಲುಗಳು ಅಲ್ಲಿನ ಕೆಂಪು ಅಳಿಲನ್ನ ಓಡಿಸ್ತಾ ಬಂದ್ವು, 1997ರಲ್ಲಿ ಸಣ್ಣ ಪ್ರಮಾಣದಲ್ಲಿ ತೆಗೆಯೋ ಪ್ರಯೋಗ ಶುರುವಾಯ್ತು, ಪ್ರಾಣಿ ಹಕ್ಕುಗಳ ಸಂಘಟನೆಗಳು ಕೋರ್ಟಿಗೆ ಹೋದ್ವು, ಕೆಲಸ ನಿಂತಿತು, ಕೇಸು ಹಾಕಿಸಿಕೊಂಡ ಅಧಿಕಾರಿಗಳು 2000ದಲ್ಲಿ ಮೇಲ್ಮನವಿಯಲ್ಲಿ ಖುಲಾಸೆ ಆಗೋ ಹೊತ್ತಿಗೆ ಅಳಿಲು ಕೈ ಮೀರಿ ಹರಡಿತ್ತು. ಈಗ ಕೊಲಂಬಿಯಾದಲ್ಲಿ ಅದೇ ಥರದ ಚರ್ಚೆ ನೀರಾನೆಗಳ ಬಗ್ಗೆ ನಡೀತಿದೆ. ಎಂಬತ್ತರ ದಶಕದಲ್ಲಿ ಡ್ರಗ್ಸ್ ದಂಧೆಯ ದೊರೆ ಪಾಬ್ಲೊ ಎಸ್ಕೊಬಾರ್ ತನ್ನ ಖಾಸಗಿ ಝೂಗೆ ತಂದಿದ್ದು ನಾಲ್ಕು. 2009ರಲ್ಲಿ ಪೆಪೆ ಅನ್ನೋ ಗಂಡನ್ನ ಹೊಡೆದಾಗ ಆ ಫೋಟೋ ನೋಡಿ ಜನ ಸಿಟ್ಟಾದ್ರು, ಬೇಟೆ ನಿಂತಿತು, ಒಂದೊಂದನ್ನೇ ಹಿಡಿದು ಸಂತಾನಹರಣ ಮಾಡೋ ದಾರಿ ಹಿಡಿದ್ರು, ಟನ್‌ಗಟ್ಟಲೆ ತೂಗೋ ಪ್ರಾಣಿಗೆ ಅದು ಎಷ್ಟು ನಿಧಾನ ಅಂತ ಊಹಿಸಬಹುದು. 2022ರಲ್ಲಿ ಇನ್ವೇಸಿವ್, ಅಂದ್ರೆ ಹೊರಗಿಂದ ಬಂದು ಪರಿಸರ ಹಾಳು ಮಾಡೋ ಪ್ರಾಣಿ, ಅಂತ ಘೋಷಣೆ ಮಾಡಿದ್ರು, 2023ರಲ್ಲಿ ಸಂತಾನಹರಣ, ಬೇರೆ ದೇಶಕ್ಕೆ ಸಾಗಿಸೋದು, ದಯಾಮರಣ ಮೂರನ್ನೂ ಸೇರಿಸಿದ ಯೋಜನೆ ಬಂತು. ಆಗ ಮ್ಯಾಗ್ಡಲೀನಾ ನದಿ ಬಯಲಲ್ಲಿದ್ದ ಅಂದಾಜು ಸುಮಾರು 170, ಹೀಗೇ ಬಿಟ್ರೆ 2035ಕ್ಕೆ ಸಾವಿರ ಆಗಬಹುದು ಅಂತ ಅಲ್ಲಿನ ಸರ್ಕಾರದ್ದೇ ಲೆಕ್ಕ. ಪೆಪೆಯನ್ನ ಹೊಡೆದ ವರ್ಷವೇ ಕಷ್ಟಪಟ್ಟು ಮುಗಿಸಿದ್ದಿದ್ರೆ ಸಾಯ್ತಿದ್ದಿದ್ದು ಇದಕ್ಕಿಂತ ತುಂಬಾ ಕಮ್ಮಿ, ಈಗ ಆ 170ರಲ್ಲಿ ಎಷ್ಟು ಅನ್ನೋದನ್ನ ಪ್ರತಿ ವರ್ಷದ ತಡ ತೀರ್ಮಾನ ಮಾಡ್ತಿದೆ.